ಹನಿಕ್ರಿಸ್ಪ್ ಸೇಬು: ಬೆಳೆಯುವವರೂ ತಿನ್ನುವವರೂ ಕೇಳಿದ ಪ್ರಶ್ನೆಗಳು

ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಿತ್ತಲಲ್ಲೊಂದು ಸೇಬಿನ ಗಿಡ ನೆಟ್ಟವರು ಕಡಿಮೆಯೇನಿಲ್ಲ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹನಿಕ್ರಿಸ್ಪ್ ತಳಿಯ ಬಗ್ಗೆಯೇ ಇದ್ದವು. ಮೂಡಿಗೆರೆಯಿಂದಲೂ ಒಂದು ಪತ್ರ ಬಂದಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಇಲ್ಲಿನ ಅಂಗಡಿಗಳಲ್ಲಿ ಗಾಲಾ, ಫ್ಯೂಜಿಗಿಂತ ಹನಿಕ್ರಿಸ್ಪ್ ಬೆಲೆ ಬಹಳ ಹೆಚ್ಚು. ಬರೀ ಪ್ರಚಾರದಿಂದ ಬಂದ ಬೆಲೆಯೇ, ಇಲ್ಲ ಹಣ್ಣಿನಲ್ಲೇ ಏನಾದರೂ ವ್ಯತ್ಯಾಸವಿದೆಯೇ? (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ವ್ಯತ್ಯಾಸ ಹಣ್ಣಿನಲ್ಲೇ ಇದೆ. ಅದೂ ರುಚಿಗಿಂತ ಹೆಚ್ಚಾಗಿ ಕಚ್ಚುವಾಗ ಗೊತ್ತಾಗುವಂಥದ್ದು. ಸಾಮಾನ್ಯ ಸೇಬನ್ನು ಕೆಲವು ವಾರ ಇಟ್ಟರೆ ಅದರ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಅಂಟು ಸಡಿಲವಾಗುತ್ತದೆ. ಆಗ ಕಚ್ಚಿದರೆ ಕೋಶಗಳು ಒಡೆಯುವುದಿಲ್ಲ, ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ರಸ ಕೋಶದೊಳಗೇ ಉಳಿದು ಬಾಯಿಗೆ ಹಿಟ್ಟುಹಿಟ್ಟಾಗಿ ಸಿಗುತ್ತದೆ. ಹನಿಕ್ರಿಸ್ಪ್‌ನ ಕೋಶಗಳು ದೊಡ್ಡವು, ಅವುಗಳ ನಡುವಿನ ಅಂಟು ಬೇಗ ಕರಗುವುದಿಲ್ಲ, ಒಳಗಿನ ನೀರಿನ ಒತ್ತಡವೂ ಇಳಿಯುವುದಿಲ್ಲ. ಹಲ್ಲು ತಾಗಿದ ಕೂಡಲೇ ಕೋಶಗಳೇ ಸೀಳಿ ರಸ ಹೊರಗೆ ಚಿಮ್ಮುತ್ತದೆ. ಸರಿಯಾಗಿ ಇಟ್ಟರೆ ಐದಾರು ತಿಂಗಳಾದರೂ ಈ ಗುಣ ಹೋಗದು. ಸಿಹಿ ಧಾರಾಳವಾಗಿದೆ, ಹೊಸದಾಗಿ ಕಿತ್ತಾಗ ಹುಳಿಯೂ ಜೊತೆಗಿರುತ್ತದೆ. ಆದರೆ ಪರಿಮಳದಲ್ಲಿ ಇದು ಮೊದಲ ಸಾಲಿನ ಸೇಬಲ್ಲ. ದಿನ ಕಳೆದಂತೆ ಹುಳಿ ಇಳಿದು ಬರೀ ಸಿಹಿನೀರಿನ ರುಚಿ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಕೊಂಡ ಹಣ್ಣು ಗರಿಗರಿಯಾಗಿದ್ದೂ ಸಪ್ಪೆ ಅನ್ನಿಸಿದರೆ ಕಾರಣ ಇದೇ.

ತಳಿ ಮಿನ್ನೆಸೋಟ ವಿಶ್ವವಿದ್ಯಾಲಯದ್ದು. 1960ರ ಸಂಕರದಿಂದ ಬಂದ ಸಸಿಯನ್ನು 1974ರಲ್ಲಿ ಆರಿಸಿ ಎಂಎನ್-1711 ಎಂಬ ಸಂಖ್ಯೆ ಕೊಟ್ಟರು. ಚಳಿಯಲ್ಲಿ ಪೆಟ್ಟು ತಿಂದಿದ್ದರಿಂದ ಕಿತ್ತೆಸೆಯುವ ಪಟ್ಟಿಗೆ ಸೇರಿದ್ದ ಅದನ್ನು ಅಲ್ಲಿನ ತಳಿ ಸಂಶೋಧಕ ಡೇವಿಡ್ ಬೆಡ್‌ಫೋರ್ಡ್ ಇನ್ನೊಂದು ಅವಕಾಶ ಕೊಟ್ಟು ಉಳಿಸಿದರು. 1991ರಲ್ಲಿ ಬೆಳೆಗಾರರಿಗೆ ಬಿಡುಗಡೆಯಾಯಿತು. ಮ್ಯಾಕೂನ್ ಮತ್ತು ಹನಿಗೋಲ್ಡ್‌ಗಳ ಸಂಕರ ಎಂದು ದಾಖಲೆಯಲ್ಲಿ ಬರೆದಿದ್ದದ್ದು ಡಿಎನ್‌ಎ ಪರೀಕ್ಷೆಯಲ್ಲಿ ಸುಳ್ಳಾಯಿತು. ಕೀಪ್‌ಸೇಕ್ ಎಂಬ ಸೇಬಿನ ತಳಿ ಒಂದು ಕಡೆಯ ಪೋಷಕ. ಇನ್ನೊಂದು ಕಡೆಯದು ಅದೇ ವಿಶ್ವವಿದ್ಯಾಲಯದ, ಹೆಸರಿಡದೆ ಕೈಬಿಟ್ಟಿದ್ದ ಸಸಿ.

ಬೆಲೆಯ ವಿಷಯಕ್ಕೆ ಬರೋಣ. ಮರದ ಹಣ್ಣೆಲ್ಲ ಒಟ್ಟಿಗೆ ಮಾಗುವುದಿಲ್ಲ, ಎರಡರಿಂದ ನಾಲ್ಕು ಸಲ ಆರಿಸಿ ಕೀಳಬೇಕು. ಸಿಪ್ಪೆ ತೆಳು, ತೊಟ್ಟು ಗಡುಸು. ಬುಟ್ಟಿಯಲ್ಲಿ ಒಂದರ ತೊಟ್ಟು ಇನ್ನೊಂದನ್ನು ಚುಚ್ಚುವುದರಿಂದ ಪ್ರತಿ ಹಣ್ಣಿನ ತೊಟ್ಟನ್ನೂ ಕೈಯಿಂದ ಕತ್ತರಿಸಬೇಕು. ಇಷ್ಟೆಲ್ಲ ಆದ ಮೇಲೂ ಕಪ್ಪು ಗುಳಿ ಬಿದ್ದು ಒಂದು ಪಾಲು ತಿಪ್ಪೆಗೆ ಹೋಗುತ್ತದೆ. ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಈ ಕೂಲಿ ಮತ್ತು ನಷ್ಟದ್ದು.

ಕೊಳ್ಳುವಾಗ ಕೆಂಪು ನೋಡಿ ಮರುಳಾಗಬೇಡಿ. ಕೆಂಪಿನ ನಡುವೆ ಕಾಣುವ ತಳಬಣ್ಣ ನೋಡಿ. ಹಸಿರಾಗಿದ್ದರೆ ಬೇಗ ಕಿತ್ತದ್ದು, ಸಪ್ಪೆ. ಕೆನೆ ಹಳದಿ ಇದ್ದರೆ ಸರಿ. ದೊಡ್ಡ ಹಣ್ಣಿನ ಸ್ಟಿಕ್ಕರ್ ಮೇಲೆ 3283 ಎಂಬ ಸಂಖ್ಯೆ ಇರುತ್ತದೆ.

ಪ್ರಶ್ನೆ: ಮನೆ ಹಿಂದೆ ಒಂದು ಹನಿಕ್ರಿಸ್ಪ್ ನೆಡಬೇಕೆಂದಿದ್ದೇವೆ. ಯಾವ ಸಸಿ ಕೊಳ್ಳಬೇಕು, ಹೇಗೆ ನೆಡಬೇಕು? ಒಂದೇ ಗಿಡ ಸಾಕೇ? (ಈಗನ್, ಮಿನ್ನೆಸೋಟ)

ಒಂದೇ ಸಾಲದು. ಹನಿಕ್ರಿಸ್ಪ್‌ಗೆ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಅದೇ ಹೊತ್ತಿಗೆ ಹೂ ಬಿಡುವ ಬೇರೆ ತಳಿಯೊಂದು 15ರಿಂದ 30 ಮೀಟರ್ ಒಳಗಿರಬೇಕು. ಹಾರಲ್ಸನ್, ಜೆಸ್ಟಾರ್, ಗಾಲಾ ಆಗಬಹುದು. ಅಕ್ಕಪಕ್ಕದ ಮನೆಯಲ್ಲಿ ಹೂವಿಗಾಗಿ ಬೆಳೆಸಿದ ಕ್ರ್ಯಾಬ್ ಆ್ಯಪಲ್ ಇದ್ದರೂ ಕೆಲಸ ನಡೆಯುತ್ತದೆ.

ಸಸಿ ಕೊಳ್ಳುವಾಗ ತಳಿಯ ಹೆಸರಿನ ಜೊತೆ ರೂಟ್‌ಸ್ಟಾಕ್, ಅಂದರೆ ಕಸಿ ಕಟ್ಟಿದ ಬೇರುಗಿಡದ ಹೆಸರನ್ನೂ ಕೇಳಲೇಬೇಕು. ಹನಿಕ್ರಿಸ್ಪ್ ಬಲ ಕಮ್ಮಿಯ ತಳಿ, ಜೊತೆಗೆ ಕಾಯಿ ಬಿಡಲು ಅವಸರ. ಎಂ-9, ಬಡ್-9ರಂಥ ಗಿಡ್ಡ ರೂಟ್‌ಸ್ಟಾಕ್ ಮೇಲೆ ಎರಡನೇ ವರ್ಷವೇ ಕಾಯಿ ಹೊತ್ತು ಅಲ್ಲಿಗೇ ಬೆಳವಣಿಗೆ ನಿಲ್ಲಿಸಿಬಿಡುತ್ತದೆ. ಆರೇಳು ವರ್ಷವಾದರೂ ಎದೆಯೆತ್ತರ ದಾಟದ ಗಿಡಗಳನ್ನು ನೋಡಿರುತ್ತೀರಿ. ನಿಮ್ಮ ಚಳಿಗೆ ಬಡ್-118, ಇಲ್ಲವೇ ನ್ಯೂಯಾರ್ಕ್‌ನ ಜಿನೀವಾದಿಂದ ಬಂದ ಜಿ-935, ಜಿ-969 ಒಳ್ಳೆಯವು. ಜಿನೀವಾ ಮಾಲೆಯ ಇವೆರಡು, ಕೊಂಬೆಗಳನ್ನು ಸುಟ್ಟಂತೆ ಒಣಗಿಸುವ ಫೈರ್ ಬ್ಲೈಟ್ ಎಂಬ ಬ್ಯಾಕ್ಟೀರಿಯಾ ರೋಗವನ್ನೂ ತಾಳಿಕೊಳ್ಳುತ್ತವೆ. ಜಿ-935 ಹಾಕಿದರೆ ಊರುಗೋಲು ಬೇಕು.

ನೆಲದ ಹಿಮ ಕರಗಿ ಮಣ್ಣು ಕೈಗೆ ಅಂಟದಷ್ಟು ಆರಿದ ಮೇಲೆ, ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ನೆಡಿ. ಬರಿಬೇರಿನ ಸಸಿಯಾದರೆ ಒಂದೆರಡು ಗಂಟೆ ಬೇರು ನೆನೆಹಾಕಿ. ಗುಂಡಿಯ ಅಗಲ ಬೇರಿನ ಹರವಿನ ಎರಡರಷ್ಟಿರಲಿ, ಆಳ ಬೇರು ಹಿಡಿಸುವಷ್ಟೇ ಸಾಕು. ತೆಗೆದ ಮಣ್ಣನ್ನೇ ವಾಪಸ್ ತುಂಬಿ, ಗುಂಡಿಗೆ ಗೊಬ್ಬರ ಹಾಕಬೇಡಿ. ಕಸಿ ಮಾಡಿದ ಗಂಟು ನೆಲದಿಂದ 5ರಿಂದ 10 ಸೆಂ.ಮೀ. ಮೇಲಿರಲೇಬೇಕು. ಗಂಟು ಮಣ್ಣಿನಲ್ಲಿ ಹೂತರೆ ಮೇಲಿನ ಹನಿಕ್ರಿಸ್ಪ್ ತಾನೇ ಬೇರು ಬಿಟ್ಟು ನೀವು ದುಡ್ಡು ಕೊಟ್ಟ ರೂಟ್‌ಸ್ಟಾಕ್ ವ್ಯರ್ಥವಾಗುತ್ತದೆ. ಕೊಂಬೆಯಿಲ್ಲದ ಕೋಲುಗಿಡವಾದರೆ 75 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ. ಗಿಡದ ಸುತ್ತ ಒಂದು ಮೀಟರ್ ಹುಲ್ಲು ಇರಕೂಡದು. ಮಳೆ ಬಾರದ ವಾರಗಳಲ್ಲಿ 20 ಲೀಟರ್ ನೀರು ಕೊಡಿ. ಗಿಡದಿಂದ ಗಿಡಕ್ಕೆ 4 ಮೀಟರ್ ಅಂತರವಿರಲಿ.

ಮೊದಲ ಚಳಿಗಾಲಕ್ಕೆ ಮುಂಚೆಯೇ ಕಾಂಡದ ಸುತ್ತ 6 ಮಿ.ಮೀ. ಕಣ್ಣಿನ ತಂತಿಬಲೆ ಕಟ್ಟಿ. ಹಿಮದಡಿ ಓಡಾಡುವ ಇಲಿಗಳು ತೊಗಟೆಯನ್ನು ಸುತ್ತಲೂ ತಿಂದರೆ ಮರ ಸತ್ತಂತೆಯೇ. ಮೊಲ ಹಿಮದ ಮೇಲೆ ನಿಂತು ತಿನ್ನುತ್ತದೆ, ಆದ್ದರಿಂದ ಬಲೆ ಹಿಮದ ಮಟ್ಟಕ್ಕಿಂತ ಎರಡಡಿ ಮೇಲಕ್ಕೇ ಇರಲಿ.

ಮೊದಲ ಎರಡು ವರ್ಷ ಕಟ್ಟಿದ ಕಾಯನ್ನೆಲ್ಲ ಚಿವುಟಿ ಹಾಕಿ. ಮನಸ್ಸು ಬಾರದಿದ್ದರೂ ಇದನ್ನು ಮಾಡಲೇಬೇಕು. ಬೇರೆ ತಳಿಗಳಲ್ಲಿ ಈ ಮಾತಿಗೆ ಸ್ವಲ್ಪ ಸಡಿಲಿಕೆ ಇದೆ, ಹನಿಕ್ರಿಸ್ಪ್‌ನಲ್ಲಿ ಇಲ್ಲ.

ಪ್ರಶ್ನೆ: ನಾಲ್ಕನೇ ವರ್ಷದ ಮರ, ಒಳ್ಳೆಯ ದಪ್ಪ ಹಣ್ಣು ಬಂತು. ಆದರೆ ಹಣ್ಣಿನ ತಳಭಾಗದಲ್ಲಿ ಬಟಾಣಿಗಿಂತ ಚಿಕ್ಕ ಕಂದು ಗುಳಿಗಳು. ಕೆಲವು ಕೀಳುವಾಗ ಚೆನ್ನಾಗಿದ್ದು ಮನೆಯಲ್ಲಿಟ್ಟ ಮೇಲೆ ಗುಳಿ ಬಿದ್ದವು. ಹುಳುವೇ? ಯಾವ ಔಷಧ ಹೊಡೆಯಬೇಕು? ಈ ವರ್ಷ ಹುಲ್ಲುಹಾಸಿಗೆ ಹಾಕುವ ಗೊಬ್ಬರವನ್ನು ಮರಕ್ಕೂ ಹಾಕಿದ್ದೆವು. (ನೋವೈ, ಮಿಷಿಗನ್)

ಹುಳುವೂ ಅಲ್ಲ, ರೋಗವೂ ಅಲ್ಲ. ಬಿಟರ್ ಪಿಟ್ ಎಂದು ಕರೆಯುವ ಕ್ಯಾಲ್ಸಿಯಂ ಕೊರತೆ ಇದು. ಹನಿಕ್ರಿಸ್ಪ್ ಬೆಳೆಯುವವರ ಅತಿ ದೊಡ್ಡ ತಲೆನೋವು. ಖಚಿತ ಮಾಡಿಕೊಳ್ಳಲು ಗುಳಿಯ ಮೇಲಿನ ಸಿಪ್ಪೆಯನ್ನು ತೆಳ್ಳಗೆ ಹೆರೆದು ನೋಡಿ. ಕೆಳಗೆ ಒಣಗಿದ, ಬೆಂಡಿನಂಥ ಕಂದು ತಿರುಳು ಕೆಲವು ಮಿ.ಮೀ. ಆಳದವರೆಗೆ ಇದ್ದು, ಸುರಂಗವಾಗಲಿ ಹಿಕ್ಕೆಯಾಗಲಿ ಇಲ್ಲದಿದ್ದರೆ ಬಿಟರ್ ಪಿಟ್. ಕಾಡ್ಲಿಂಗ್ ಪತಂಗದ ಹುಳುವಾದರೆ ತೂತು, ಹಿಕ್ಕೆ ಎರಡೂ ಇದ್ದು ದಾರಿ ಬೀಜದವರೆಗೆ ಹೋಗಿರುತ್ತದೆ. ನಾರುವ ತಿಗಣೆ ಚುಚ್ಚಿದ ಗುರುತು ಸಾಮಾನ್ಯವಾಗಿ ತೊಟ್ಟಿನ ಕಡೆಯ ಭುಜದಲ್ಲಿರುತ್ತದೆ. ಬಿಟರ್ ಪಿಟ್ ತಳದಲ್ಲಿ ಶುರುವಾಗುತ್ತದೆ. ತಿಂದರೆ ಅಪಾಯವಿಲ್ಲ, ಆ ಜಾಗ ಕಹಿ ಅಷ್ಟೇ. ಹೆರೆದು ತಿನ್ನಿ.

ಕಾರಣ ತಿಳಿದುಕೊಂಡರೆ ಮುಂದಿನ ಕೆಲಸ ಸುಲಭ. ಕ್ಯಾಲ್ಸಿಯಂ ನೀರಿನ ಜೊತೆ ಬೇರಿನಿಂದ ಮೇಲಕ್ಕೇರುತ್ತದೆ, ಎಲ್ಲಿ ನೀರು ಹೆಚ್ಚು ಆವಿಯಾಗುತ್ತದೋ ಅಲ್ಲಿಗೆ ಹೋಗುತ್ತದೆ. ಎಲೆಗಳಿಂದ ಧಾರಾಳ ಆವಿಯಾಗುತ್ತದೆ, ಕಾಯಿಯಿಂದ ತೀರಾ ಕಡಿಮೆ. ಹೀಗಾಗಿ ಹೆಚ್ಚಿನ ಪಾಲು ಎಲೆಗೆ, ಹೊಸ ಚಿಗುರಿಗೆ ಹೋಗುತ್ತದೆ. ಸಾಲದ್ದಕ್ಕೆ ಕಾಯಿ ದಪ್ಪವಾದಂತೆ ಅದರೊಳಗಿನ ನೀರಿನ ನಾಳಗಳು ಒಡೆದು ನಿಷ್ಕ್ರಿಯವಾಗುತ್ತವೆ. ಹನಿಕ್ರಿಸ್ಪ್‌ನಲ್ಲಿ ಇದು ಬೇಗ ಆಗುತ್ತದೆ. ಆಮೇಲೆ ಸಕ್ಕರೆ, ಪೊಟ್ಯಾಷ್ ಬರುವ ದಾರಿ ತೆರೆದೇ ಇರುತ್ತದೆ, ಕ್ಯಾಲ್ಸಿಯಂ ದಾರಿ ಮುಚ್ಚಿರುತ್ತದೆ. ಹಣ್ಣು ಉಬ್ಬುತ್ತಾ ಹೋಗುತ್ತದೆ, ಒಳಗಿದ್ದ ಅಷ್ಟಿಷ್ಟು ಕ್ಯಾಲ್ಸಿಯಂ ತೆಳುವಾಗುತ್ತದೆ, ತಳಭಾಗದ ಕೋಶಗಳು ಕುಸಿಯುತ್ತವೆ. ನಾವು ಮೆಚ್ಚುವ ದೊಡ್ಡ ಹಣ್ಣೇ ಮೊದಲು ಕೆಡುವುದು ಇದರಿಂದ.

ನೀವು ಹಾಕಿದ ಹುಲ್ಲಿನ ಗೊಬ್ಬರದಲ್ಲಿ ಸಾರಜನಕವೇ ಮುಖ್ಯ. ಅದು ಚಿಗುರನ್ನು ಉಕ್ಕಿಸಿ ಕ್ಯಾಲ್ಸಿಯಂ ಅನ್ನೆಲ್ಲ ಎಳೆದುಕೊಂಡಿದೆ. ಮುಂದಿನ ವರ್ಷ ಮರಕ್ಕೆ ಸಾರಜನಕ ಬೇಡವೇ ಬೇಡ, ಹುಲ್ಲಿಗೆ ಹಾಕುವಾಗಲೂ ಮರದ ನೆರಳಿನ ಅಂಚಿನಿಂದ ದೂರವಿರಿ. ಚಿಗುರು ವರ್ಷಕ್ಕೆ 25ರಿಂದ 35 ಸೆಂ.ಮೀ. ಬೆಳೆದರೆ ಮರಕ್ಕೆ ಸಾಕಷ್ಟು ಸಿಕ್ಕಿದೆ ಎಂದೇ ಅರ್ಥ. ಪೊಟ್ಯಾಷ್ ಮತ್ತು ಎಪ್ಸಂ ಉಪ್ಪನ್ನು (ಮೆಗ್ನೀಸಿಯಂ ಸಲ್ಫೇಟ್) ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಾಣದ ಹೊರತು ಹಾಕಬೇಡಿ. ಎರಡೂ ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ನಿಲ್ಲುತ್ತವೆ. ಮಣ್ಣಿನ ರಸಸಾರ (ಪಿಎಚ್) 6ಕ್ಕಿಂತ ಕಡಿಮೆಯಿದ್ದರೆ ಸುಣ್ಣ ಹಾಕಿ 6.5ರ ಹತ್ತಿರ ತನ್ನಿ. ಚಳಿಗಾಲದಲ್ಲಿ ಜೋರಾಗಿ ಸವರಿದರೂ ಚಿಗುರು ಉಕ್ಕಿ ಇದೇ ಕಥೆ, ಹಗುರವಾಗಿ ಸವರಿ. ನೀರು ಒಂದು ವಾರ ತುಂಬ, ಇನ್ನೊಂದು ವಾರ ಇಲ್ಲ ಎಂದಾಗಬಾರದು. ಹೂ ಬಿಟ್ಟ ನಂತರದ ಆರು ವಾರ ಇದರಲ್ಲಿ ಬಹಳ ಮುಖ್ಯ.

ಇನ್ನು ಸಿಂಪಡಣೆ. ಎಲೆಗೆ ಬಿದ್ದ ಕ್ಯಾಲ್ಸಿಯಂ ಕಾಯಿಗೆ ಇಳಿಯುವುದಿಲ್ಲ, ಕಾಯಿಯ ಮೈಮೇಲೇ ಬೀಳಬೇಕು. 78 ಪ್ರತಿಶತದ ಕ್ಯಾಲ್ಸಿಯಂ ಕ್ಲೋರೈಡ್ ಚಕ್ಕೆ ತನ್ನಿ. ಹಿಮ ಕರಗಿಸಲು ಮಾರುವ ಪೊಟ್ಟಣ ಬೇಡ, ಅದರಲ್ಲಿ ಅಡುಗೆ ಉಪ್ಪು ಬೆರೆತಿರಬಹುದು. ಹೂವಿನ ಎಸಳು ಉದುರಿ ಒಂದೆರಡು ವಾರವಾದ ಮೇಲೆ 10 ಲೀಟರ್ ನೀರಿಗೆ 15ರಿಂದ 20 ಗ್ರಾಂ ಕರಗಿಸಿ ಮೊದಲ ಸಿಂಪಡಣೆ. ಆಮೇಲೆ 10ರಿಂದ 14 ದಿನಕ್ಕೊಮ್ಮೆ. ಜುಲೈನಿಂದ ಪ್ರಮಾಣವನ್ನು 10 ಲೀಟರಿಗೆ 35ರಿಂದ 40 ಗ್ರಾಂಗೆ ಏರಿಸಬಹುದು. ಕೊಯ್ಲಿನವರೆಗೆ ಒಟ್ಟು ಆರರಿಂದ ಎಂಟು ಸಲ. ಮೊದಲಿನವನ್ನು ತಪ್ಪಿಸಿ ಕೊನೆಗೆ ಹೆಚ್ಚು ಹೊಡೆದರೆ ಪೂರ್ತಿ ಫಲ ಸಿಗದು. 28 ಡಿಗ್ರಿ ಸೆಲ್ಸಿಯಸ್ ದಾಟಿದ ಹೊತ್ತಿನಲ್ಲಿ ಹೊಡೆದರೆ ಎಲೆಯಂಚು ಸುಡುತ್ತದೆ, ಬೆಳಿಗ್ಗೆ ಬೇಗ ಹೊಡೆಯಿರಿ. ಎಪ್ಸಂ ಉಪ್ಪಿನ ಜೊತೆ ಬೆರೆಸಬೇಡಿ, ಜಿಪ್ಸಂ ಆಗಿ ಗಟ್ಟಿಗಟ್ಟಿ ನಳಿಕೆ ಕಟ್ಟಿಕೊಳ್ಳುತ್ತದೆ. ಸಿಂಪಡಿಸಿದ ಕೂಡಲೇ ಪಂಪನ್ನು ತೊಳೆಯದಿದ್ದರೆ ಲೋಹದ ಭಾಗ ತುಕ್ಕು ಹಿಡಿಯುತ್ತದೆ.

ಎಷ್ಟು ಗುಳಿ ಬೀಳಲಿದೆ ಎಂದು ಮುಂಚೆ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕೊಯ್ಲಿಗೆ ಮೂರು ವಾರ ಮುಂಚೆ ಮರದ ಎಲ್ಲ ಕಡೆಯಿಂದ ಹತ್ತಿಪ್ಪತ್ತು ಕಾಯಿ ಕಿತ್ತು ಮನೆಯೊಳಗೆ ಮಾಮೂಲಿ ಶಾಖದಲ್ಲಿಡಿ. ಕೊಯ್ಲಿನ ಹೊತ್ತಿಗೆ ಅವುಗಳಲ್ಲಿ ಕಾಲುಭಾಗಕ್ಕೆ ಗುಳಿ ಬಿದ್ದಿದ್ದರೆ ಆ ಮರದ ಹಣ್ಣು ಕೂಡಿಡಲು ಯೋಗ್ಯವಲ್ಲ, ಬೇಗ ತಿಂದು ಹಂಚಿ ಮುಗಿಸಿ.

ಪ್ರಶ್ನೆ: ಜುಲೈ ಬಂದರೆ ಎಲೆಗಳಲ್ಲಿ ಹಳದಿ ತೇಪೆಗಳು ಮೂಡುತ್ತವೆ. ನಂಜುರೋಗವೇ? ಕಬ್ಬಿಣದ ಅಂಶ ಕೊಡಬೇಕೇ? (ಎಡಿಸನ್, ನ್ಯೂಜೆರ್ಸಿ)

ಏನೂ ಕೊಡಬೇಡಿ. ಇದು ಈ ತಳಿಯ ಹುಟ್ಟುಗುಣ. ಎಲೆಯಲ್ಲಿ ತಯಾರಾದ ಸಕ್ಕರೆ ಸರಿಯಾಗಿ ಹೊರಹೋಗದೆ ಪಿಷ್ಟವಾಗಿ ಅಲ್ಲೇ ಕೂಡಿ, ನರಗಳ ನಡುವೆ ತೇಪೆತೇಪೆಯಾಗಿ ಹಳದಿಯಾಗುತ್ತದೆ. ಕಾಯಿ ಕಡಿಮೆ ಇರುವ ವರ್ಷ ಹೆಚ್ಚು ಕಾಣುತ್ತದೆ, ಸಕ್ಕರೆ ಎಳೆದುಕೊಳ್ಳುವವರು ಇಲ್ಲವಲ್ಲ. ಕಬ್ಬಿಣದ ಕೊರತೆಯಾಗಿದ್ದರೆ ತುದಿಯ ಎಳೆ ಎಲೆಗಳು ಮೊದಲು ಬಿಳಿಚುತ್ತವೆ, ನರಗಳು ಮಾತ್ರ ಹಸಿರಾಗಿ ಬಲೆಯಂತೆ ಉಳಿಯುತ್ತವೆ. ನಿಮ್ಮ ವಿವರಣೆಯಲ್ಲಿ ಅದಿಲ್ಲ. ಎಲೆ ಅಡಿಗೆ ಮುದುರಿ ಅಂಚು ಒಣಗಿದ್ದರೆ ಮಾತ್ರ ತಿರುಗಿಸಿ ಜಿಗಿಹುಳು ಇದೆಯೇ ನೋಡಿ.

ಪ್ರಶ್ನೆ: ಹೋದ ವರ್ಷ ಕೊಂಬೆ ಬಾಗುವಷ್ಟು ಕಾಯಿ. ಈ ವರ್ಷ ಬೆರಳೆಣಿಕೆಯ ಹೂವು. ಮರಕ್ಕೆ ಏನಾಯಿತು? (ಆಟವಾ, ಕೆನಡಾ)

ನಮ್ಮ ಮಾವಿನ ಮರಗಳಂತೆ ಹನಿಕ್ರಿಸ್ಪ್ ಕೂಡ ವರ್ಷ ಬಿಟ್ಟು ವರ್ಷ ಕಾಯಿ ಬಿಡುವ ಜಾತಿ. ಕಾಯಿಯೊಳಗಿನ ಎಳೆ ಬೀಜಗಳು ಜಿಬ್ಬರೆಲಿನ್ ಎಂಬ ಹಾರ್ಮೋನು ಹೊರಬಿಡುತ್ತವೆ, ಅದು ಪಕ್ಕದಲ್ಲೇ ಮುಂದಿನ ವರ್ಷದ ಹೂಮೊಗ್ಗು ಕೂಡದಂತೆ ತಡೆಯುತ್ತದೆ. ಮುಂದಿನ ವರ್ಷದ ಹೂವಿನ ನಿರ್ಧಾರ ಈ ವರ್ಷ ಹೂ ಬಿಟ್ಟ ಕೆಲವೇ ವಾರಗಳಲ್ಲಿ ಆಗಿಬಿಡುತ್ತದೆ. ಹಾಗಾಗಿ ಜೂನ್ ಕೊನೆಗೆ ಕಾಯಿ ತಾನಾಗಿ ಉದುರುವವರೆಗೆ ಕಾದು ಆಮೇಲೆ ಕಳಚಿದರೆ ಉಳಿದ ಹಣ್ಣು ದಪ್ಪವಾಗಬಹುದು, ಮುಂದಿನ ವರ್ಷದ ಹೂವಿಗೆ ಪ್ರಯೋಜನವಿಲ್ಲ.

ಕಾಯಿ ಗೋಲಿಯಷ್ಟಿರುವಾಗಲೇ, ಅಂದರೆ 10ರಿಂದ 15 ಮಿ.ಮೀ. ಇದ್ದಾಗ ಕೆಲಸ ಮುಗಿಯಬೇಕು. ಗೊಂಚಲಿಗೆ ಒಂದೇ ಕಾಯಿ, ನಡುವಿನ ದಪ್ಪನೆಯದು, ಉಳಿಸಿ. ಉಳಿದವನ್ನು ಚಿಕ್ಕ ಕತ್ತರಿಯಿಂದ ತೊಟ್ಟಿನ ನಡುವೆ ಕತ್ತರಿಸಿ. ಎಳೆದರೆ ಗೊಂಚಲೇ ಬರುತ್ತದೆ. ಕಾಯಿಂದ ಕಾಯಿಗೆ ಗೇಣಿಗಿಂತ ತುಸು ಕಡಿಮೆ, ಅಂದರೆ 15ರಿಂದ 20 ಸೆಂ.ಮೀ.

ಒಟ್ಟು ಎಷ್ಟು ಉಳಿಸಬೇಕೆಂಬುದಕ್ಕೆ ಕಾಂಡದ ಲೆಕ್ಕವೇ ಭದ್ರ. ಕಸಿಗಂಟಿನಿಂದ 30 ಸೆಂ.ಮೀ. ಮೇಲೆ ಟೇಪು ಸುತ್ತಿ ಸುತ್ತಳತೆ ತೆಗೆಯಿರಿ. ಅದನ್ನು ಅದರಿಂದಲೇ ಗುಣಿಸಿ 12.6ರಿಂದ ಭಾಗಿಸಿದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಸಿಗುತ್ತದೆ. ಪ್ರತಿ ಚದರ ಸೆಂ.ಮೀ.ಗೆ ನಾಲ್ಕರಿಂದ ಐದು ಹಣ್ಣು, ಎಳೆ ಮರವಾದರೆ ಮೂರರಿಂದ ನಾಲ್ಕು. ಸುತ್ತಳತೆ 19 ಸೆಂ.ಮೀ. ಇದ್ದರೆ ವಿಸ್ತೀರ್ಣ ಹೆಚ್ಚುಕಡಿಮೆ 28.6, ಬೆಳೆದ ಮರದಲ್ಲಿ 115ರಿಂದ 140 ಹಣ್ಣು. ಈ ವರ್ಷ ನಿಮ್ಮ ಮರದಲ್ಲಿರುವ ಬೆರಳೆಣಿಕೆಯವು ಬಹಳ ದಪ್ಪವಾಗುತ್ತವೆ, ಬಿಟರ್ ಪಿಟ್ ಬರುವುದು ಬಹುತೇಕ ಖಂಡಿತ. ಮೇಲಿನ ಉತ್ತರದ ಕ್ಯಾಲ್ಸಿಯಂ ಸಿಂಪಡಣೆಯನ್ನು ಈ ವರ್ಷ ಬಿಡಬೇಡಿ. ಮುಂದಿನ ವರ್ಷ ಮರ ತುಂಬ ಹೂ ಬರುತ್ತದೆ. ಆಗಲೇ ನಿಷ್ಠುರವಾಗಿ ಕಳಚಬೇಕು.

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಎರಡು ಬುಟ್ಟಿ ಹಣ್ಣು ಕಿತ್ತು ಅದೇ ದಿನ ಗ್ಯಾರೇಜಿನ ಫ್ರಿಜ್‌ನಲ್ಲಿ 1 ಡಿಗ್ರಿಗೆ ಇಟ್ಟೆವು. ಡಿಸೆಂಬರ್‌ನಲ್ಲಿ ನೋಡಿದರೆ ಸಿಪ್ಪೆಯ ಮೇಲೆ ಬಿಸಿ ತಗುಲಿದಂತೆ ಕಂದು ಪಟ್ಟಿಗಳು, ಕೆಲವು ಒಳಗೂ ಕಂದಾಗಿ ನೀರೊಡೆದಿವೆ. ಇಷ್ಟು ತಣ್ಣಗಿಟ್ಟರೂ ಹೀಗೇಕೆ? (ರೋಚೆಸ್ಟರ್, ನ್ಯೂಯಾರ್ಕ್)

ತಣ್ಣಗಿಟ್ಟಿದ್ದೇ ಕಾರಣ. ಸೇಬನ್ನು 0 ಡಿಗ್ರಿಯ ಹತ್ತಿರ ಇಡಬೇಕೆಂಬ ಸಾಮಾನ್ಯ ನಿಯಮ ಹನಿಕ್ರಿಸ್ಪ್‌ಗೆ ಒಗ್ಗದು. ಹೊರಗಿನ ಅಂಚು ಸ್ಪಷ್ಟವಾಗಿರುವ ಕಂದು ಪಟ್ಟಿಗೆ ಸಾಫ್ಟ್ ಸ್ಕಾಲ್ಡ್ ಎನ್ನುತ್ತಾರೆ. ಒಳಗೆ ಉಂಗುರದಂತೆ ತೇವಗೊಂಡು ಕಂದಾಗುವುದು ಸಾಗಿ ಬ್ರೇಕ್‌ಡೌನ್. ಎರಡೂ ಚಳಿಯ ಏಟು. ಹೆಚ್ಚು ಮಾಗಿಸಿ ಕಿತ್ತಿದ್ದರೆ ಏಟು ಇನ್ನೂ ಜೋರು.

ಹಾಗಾಗಿ ಕೀಳುವ ಹೊತ್ತು ಮೊದಲು ಸರಿಯಾಗಬೇಕು. ತಳಬಣ್ಣ ಎಲೆಹಸಿರಿನಿಂದ ಕೆನೆ ಹಳದಿಗೆ ತಿರುಗಲು ಶುರುವಾದ ಹಣ್ಣನ್ನಷ್ಟೇ ಕೀಳಿ, ಐದಾರು ದಿನ ಬಿಟ್ಟು ಇನ್ನೊಂದು ಸುತ್ತು. ಅದುಮಿ ನೋಡುವುದರಿಂದ ಉಪಯೋಗವಿಲ್ಲ, ಈ ಹಣ್ಣು ಅತಿಯಾಗಿ ಮಾಗಿದರೂ ಗಟ್ಟಿಯೇ ಇರುತ್ತದೆ. ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ತಿರುಗಿಸಿದರೆ ತೊಟ್ಟಿನ ಸಮೇತ ಬರುತ್ತದೆ. ಕೂಡಲೇ ತೊಟ್ಟನ್ನು ಹಣ್ಣಿನ ಭುಜಕ್ಕಿಂತ ಕೆಳಗಿರುವಂತೆ ಕತ್ತರಿಸಿ. ಕಿತ್ತ ಹಣ್ಣನ್ನು 10 ಡಿಗ್ರಿ ಸೆಲ್ಸಿಯಸ್‌ನ ಸುಮಾರಿನಲ್ಲಿ, ತಂಪಾದ ನೆಲಮಾಳಿಗೆಯೋ ಗ್ಯಾರೇಜೋ, ಐದರಿಂದ ಏಳು ದಿನ ಇಡಿ. ಆಮೇಲೆ 3 ಡಿಗ್ರಿಗೆ ಹೊಂದಿಸಿದ ಫ್ರಿಜ್‌ಗೆ ಸೇರಿಸಿ. 3ಕ್ಕಿಂತ ಕೆಳಗೆ ಇಳಿಸಬೇಡಿ.

ಇದರಲ್ಲೊಂದು ತೊಡಕಿದೆ. ಹೀಗೆ ಒಂದು ವಾರ ಬೆಚ್ಚಗಿಟ್ಟರೆ ಚಳಿಯ ಏಟು ತಪ್ಪುತ್ತದೆ, ಆದರೆ ಬಿಟರ್ ಪಿಟ್ ಹೆಚ್ಚುತ್ತದೆ. ಆದ್ದರಿಂದ ಎಲ್ಲ ಮರದ ಹಣ್ಣಿಗೂ ಒಂದೇ ಕ್ರಮ ಸಲ್ಲದು. ಬಿಟರ್ ಪಿಟ್ ಬಗೆಗಿನ ಉತ್ತರದಲ್ಲಿ ಹೇಳಿದ ಮೂರು ವಾರದ ಪರೀಕ್ಷೆ ಇಲ್ಲೂ ನೆರವಾಗುತ್ತದೆ. ಗುಳಿ ಕಡಿಮೆ ಬಿದ್ದ ಮರದ ಹಣ್ಣನ್ನು ಪೂರ್ತಿ ವಾರ 10 ಡಿಗ್ರಿಯಲ್ಲಿಟ್ಟು ಚಳಿಗಾಲಕ್ಕೆ ಕೂಡಿಡಿ. ಗುಳಿ ಹೆಚ್ಚು ಬೀಳುವ ಮರದ್ದನ್ನು ನೇರ 3 ಡಿಗ್ರಿಗೆ ಹಾಕಿ ಮೊದಲ ತಿಂಗಳಲ್ಲೇ ಬಳಸಿ.

ಫ್ರಿಜ್‌ನಲ್ಲಿ ತೂತುಗಳಿರುವ ಚೀಲ ಬಳಸಿ. ಬಿಗಿಯಾಗಿ ಕಟ್ಟಿದ ಚೀಲದಲ್ಲಿ ಈ ಹಣ್ಣಿಗೆ ಹುಳಿತ ವಾಸನೆ ಬರುತ್ತದೆ. ಸೊಪ್ಪು, ಸೌತೆಕಾಯಿಗಳನ್ನು ಅದೇ ಅರೆಯಲ್ಲಿಡಬೇಡಿ, ಸೇಬಿನ ಎಥಿಲೀನ್ ಅನಿಲಕ್ಕೆ ಬೇಗ ಹಳದಿಯಾಗುತ್ತವೆ. ಅಂಗಡಿಯಲ್ಲಿ ಕೊಂಡ ಹಣ್ಣಿಗೆ ಈ ಒಂದು ವಾರದ ಕ್ರಮ ಬೇಡ, ತಂದ ದಿನವೇ ಫ್ರಿಜ್‌ಗೆ ಹಾಕಬಹುದು.

ಪ್ರಶ್ನೆ: ನಮ್ಮ ಕಾಫಿ ತೋಟ 1000 ಮೀಟರ್ ಎತ್ತರದಲ್ಲಿದೆ. ಅಮೆರಿಕದಲ್ಲಿರುವ ಅಣ್ಣ ಊರಿಗೆ ಬರುವಾಗ ಹನಿಕ್ರಿಸ್ಪ್ ಕಸಿಕಡ್ಡಿ ತರುತ್ತೇನೆ ಎನ್ನುತ್ತಾರೆ. ಇಲ್ಲಿ ಬರುತ್ತದೆಯೇ? ಬೀಜ ಹಾಕಿದರೆ? (ಮೂಡಿಗೆರೆ)

ಅಣ್ಣನವರಿಗೆ ತರಬೇಡಿ ಎಂದು ಈಗಲೇ ಹೇಳಿಬಿಡಿ. ಕಸಿಕಡ್ಡಿ, ಸಸಿಗಳನ್ನು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ದೇಶದೊಳಗೆ ತರುವುದನ್ನು 2003ರ ಸಸ್ಯ ಸಂಗರೋಧ ಆದೇಶ ನಿಷೇಧಿಸುತ್ತದೆ. ಕಡ್ಡಿಯೊಳಗೆ ಕಣ್ಣಿಗೆ ಕಾಣದ ಫೈರ್ ಬ್ಲೈಟ್ ಬ್ಯಾಕ್ಟೀರಿಯಾ, ನಂಜುರೋಗ ಇರಬಹುದು. ಹಿಮಾಚಲ, ಕಾಶ್ಮೀರಗಳ ಸೇಬು ಬೆಳೆಗಾರರ ಬದುಕಿಗೆ ಸಂಬಂಧಿಸಿದ ವಿಷಯ ಇದು.

ತಂದರೂ ನಿಮ್ಮಲ್ಲಿ ಫಲಿಸದು. ಹನಿಕ್ರಿಸ್ಪ್ ಮೊಗ್ಗು ನಿದ್ದೆಯಿಂದ ಏಳಲು 7 ಡಿಗ್ರಿಗಿಂತ ಕೆಳಗಿನ ಚಳಿ 800ರಿಂದ 1000 ಗಂಟೆ ಬೇಕು. ಮಲೆನಾಡಿನ ಡಿಸೆಂಬರ್ ರಾತ್ರಿಗಳು ಆ ಮಟ್ಟಕ್ಕೆ ಇಳಿಯುವುದೇ ಅಪರೂಪ. ಗಿಡ ಬದುಕಬಹುದು. ಆದರೆ ತುದಿಯಲ್ಲಷ್ಟೇ ಚಿಗುರಿ, ನಡುವಿನ ಮೊಗ್ಗುಗಳು ಕುರುಡಾಗಿ, ಹೂವು ಅಲ್ಲೊಂದು ಇಲ್ಲೊಂದು ಬಿಡುತ್ತದೆ. ಬೀಜದ ಮಾತಂತೂ ಬೇಡ. ಸೇಬಿನ ಪ್ರತಿ ಬೀಜವೂ ಹೊಸ ತಳಿ, ಹನಿಕ್ರಿಸ್ಪ್ ಬೀಜದಿಂದ ಹನಿಕ್ರಿಸ್ಪ್ ಹುಟ್ಟುವುದಿಲ್ಲ.

ಆಸೆ ಇದ್ದರೆ ಕಡಿಮೆ ಚಳಿ ಬೇಡುವ ತಳಿಗಳಿವೆ. ಇಸ್ರೇಲಿನ ಅನ್ನಾ, ಬಹಾಮಾಸ್‌ನ ಡಾರ್ಸೆಟ್ ಗೋಲ್ಡನ್, ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರ ಎಚ್‌ಆರ್‌ಎಂಎನ್-99. ಅನ್ನಾ ನೆಟ್ಟರೆ ಪರಾಗಕ್ಕೆ ಡಾರ್ಸೆಟ್ ಗೋಲ್ಡನ್ ಜೊತೆಗಿರಲಿ, ಎರಡೂ ಒಂದೇ ಹೊತ್ತಿಗೆ ಹೂ ಬಿಡುತ್ತವೆ. ಕಾಫಿಯ ನೆರಳಿನಲ್ಲಿ ಬೇಡ. ದಿನಕ್ಕೆ ಏಳೆಂಟು ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಇಳಿಜಾರು ಬೇಕು. ಎರಡಡಿ ಗುಂಡಿ, ಗಿಡಕ್ಕೆ ಗಿಡಕ್ಕೆ 10ರಿಂದ 12 ಅಡಿ, ಮಣ್ಣನ್ನು ದಿಬ್ಬ ಮಾಡಿ ನೆಡಿ. ನಿಮ್ಮ ಮಳೆಗೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಗಿಡ ಒಂದೇ ಮಳೆಗಾಲಕ್ಕೆ ಮುಗಿಯುತ್ತದೆ. ಬೆಚ್ಚಗಿನ ಕಡೆ ಸೇಬಿನ ಎಲೆ ತಾನಾಗಿ ಉದುರದು. ಡಿಸೆಂಬರ್ ಕೊನೆಗೆ ಕೈಯಿಂದ ಎಲೆ ಕಿತ್ತು, ಹಗುರವಾಗಿ ಸವರಿದರೆ ಮೊಗ್ಗುಗಳು ಒಟ್ಟಿಗೆ ಒಡೆಯುತ್ತವೆ. ಇಂಡೊನೇಷ್ಯಾದ ಪೂರ್ವ ಜಾವಾದ ಬಟು ಸುತ್ತಮುತ್ತ ರೋಮ್ ಬ್ಯೂಟಿ ಸೇಬನ್ನು ಹೀಗೆ ಎಲೆ ಕಿತ್ತೇ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ.

ಹಣ್ಣು ಮುಂಗಾರು ಹಿಡಿಯುವ ಮೊದಲೇ ಕೈಗೆ ಬರಬೇಕು, ಇಲ್ಲದಿದ್ದರೆ ಕೊಳೆರೋಗ ಉಳಿಸದು. ಅನ್ನಾ ಕಿತ್ತ ದಿನ ರುಚಿಯಾದ ಗರಿ ಹಣ್ಣು, ಹೊರಗಿಟ್ಟರೆ ಒಂದು ವಾರದಲ್ಲಿ ಮೆತ್ತಗಾಗುತ್ತದೆ. ಹನಿಕ್ರಿಸ್ಪ್‌ನ ಗರಿಮುರಿಯನ್ನು ಅದರಿಂದ ನಿರೀಕ್ಷಿಸಬೇಡಿ. ಮನೆಗೆ ನಾಲ್ಕು ಗಿಡ ಸಂತೋಷದ ಕೆಲಸ. ಕಾಫಿ, ಮೆಣಸು ತೆಗೆದು ಎಕರೆಗಟ್ಟಲೆ ಸೇಬು ಹಾಕುವುದನ್ನು ನಾವು ಒಪ್ಪುವುದಿಲ್ಲ.

ಪ್ರಶ್ನೆ: ಕಾಸ್ಮಿಕ್ ಕ್ರಿಸ್ಪ್ ಎಂಬ ಹೊಸ ಸೇಬು ಹನಿಕ್ರಿಸ್ಪ್‌ಗಿಂತ ಒಳ್ಳೆಯದೇ? ಅದರ ಗಿಡ ಸಿಗುತ್ತದೆಯೇ? (ನೇಪರ್‌ವಿಲ್, ಇಲಿನಾಯ್)

ಅದು ಹನಿಕ್ರಿಸ್ಪ್‌ನ ಮಗುವೇ. ಎಂಟರ್‌ಪ್ರೈಸ್ ಎಂಬ ಸೇಬಿನ ತಳಿ ಮತ್ತು ಹನಿಕ್ರಿಸ್ಪ್‌ಗಳನ್ನು ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ 1997ರಲ್ಲಿ ಸಂಕರಿಸಿದ್ದು, ಅಂಗಡಿಗೆ ಬಂದದ್ದು 2019ರ ಡಿಸೆಂಬರ್‌ನಲ್ಲಿ. ತಿರುಳು ಇನ್ನಷ್ಟು ಗಟ್ಟಿ, ಸಿಪ್ಪೆ ದಪ್ಪ, ಹುಳಿ ಹೆಚ್ಚು, ಕೂಡಿಟ್ಟರೆ ಬಹಳ ಕಾಲ ಬಾಳುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಹನಿಕ್ರಿಸ್ಪ್ ಕೊಳ್ಳಿ, ಫೆಬ್ರವರಿ ನಂತರ ಕಾಸ್ಮಿಕ್ ಕ್ರಿಸ್ಪ್ ಮೇಲು ಎಂಬುದು ನಮ್ಮ ಅಭಿಪ್ರಾಯ. ಅಮೆರಿಕದಲ್ಲಿ ಅದನ್ನು ಮಾರಾಟಕ್ಕೆ ಬೆಳೆಯುವ ಹಕ್ಕನ್ನು ಮೊದಲ ವರ್ಷಗಳಲ್ಲಿ ವಾಷಿಂಗ್ಟನ್ ರಾಜ್ಯದ ಬೆಳೆಗಾರರಿಗಷ್ಟೇ ಕೊಟ್ಟಿದ್ದರು, ಇಲಿನಾಯ್‌ನಲ್ಲಿ ನಿಮಗೆ ಗಿಡ ಸಿಗುವ ಖಾತರಿಯಿಲ್ಲ. ಹನಿಕ್ರಿಸ್ಪ್‌ನ ಅಮೆರಿಕನ್ ಪೇಟೆಂಟ್ 2008ರಲ್ಲೇ ಮುಗಿದಿದೆ. ಪಕ್ಕದ ಮನೆಯ ಮರದಿಂದ ಕಡ್ಡಿ ಕೇಳಿ ಪಡೆದು ಕಸಿ ಮಾಡಿಕೊಳ್ಳಲು ಅಡ್ಡಿಯಿಲ್ಲ.

ಪ್ರಶ್ನೆ: ಹನಿಕ್ರಿಸ್ಪ್‌ನಲ್ಲಿ ಕೇಸರಿಬಾತ್ ಮಾಡಿದರೆ ನೀರುನೀರಾಗುತ್ತದೆ. ಗೊಜ್ಜೂ ಸಪ್ಪೆ. ಏನು ಮಾಡಬೇಕು? (ಮಿಲ್ಪಿಟಾಸ್, ಕ್ಯಾಲಿಫೋರ್ನಿಯಾ)

ಗೊಜ್ಜಿಗೆ ಈ ಹಣ್ಣು ಬೇಡ, ಹುಳಿ ಸಾಲದು, ಬೇಗ ಕರಗುವುದೂ ಇಲ್ಲ. ಗ್ರ್ಯಾನಿ ಸ್ಮಿತ್ ಬಳಸಿ. ಕೇಸರಿಬಾತ್‌ಗೆ ಹೋಳುಗಳನ್ನು ಮೊದಲು ಒಂದು ಚಮಚ ತುಪ್ಪದಲ್ಲಿ ದೊಡ್ಡ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿದು, ಬಿಟ್ಟ ರಸ ಇಂಗಿದ ಮೇಲೆ ಎತ್ತಿಡಿ. ರವೆ ಬೆಂದು ಸಕ್ಕರೆ ಕರಗಿದ ನಂತರ ಸೇರಿಸಿ. ಒಂದು ಲೋಟ ರವೆಗೆ ಒಂದು ಮಧ್ಯಮ ಹಣ್ಣು, ನೀರನ್ನು ಕಾಲು ಲೋಟ ಕಡಿಮೆ ಮಾಡಿ, ಸಕ್ಕರೆಯನ್ನೂ ಎರಡು ಚಮಚ ತಗ್ಗಿಸಿ. ಹನಿಕ್ರಿಸ್ಪ್ ನಿಜವಾಗಿ ಒಪ್ಪುವುದು ಹೆಸರುಬೇಳೆ ಕೋಸಂಬರಿಗೆ. ಸಿಪ್ಪೆ ಸಮೇತ ಸಣ್ಣಗೆ ಹೆಚ್ಚಿ ಕೂಡಲೇ ನಿಂಬೆರಸ ಹಿಂಡಿ, ಉಪ್ಪನ್ನು ಮಾತ್ರ ಬಡಿಸುವ ಹೊತ್ತಿಗೆ ಬೆರೆಸಿ. ಮುಂಚೆ ಹಾಕಿದರೆ ಹತ್ತು ನಿಮಿಷಕ್ಕೆ ತಳದಲ್ಲಿ ನೀರು ನಿಲ್ಲುತ್ತದೆ.